ಎಂಬತ್ತೆಂಟನೆಯ ಸಾಲನ್ನು ತಿಂದವರು

ಡ್ರಾಯರು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಇನ್ಸ್‌ಪೆಕ್ಟರ್ ಇನ್ನೊಮ್ಮೆ ಎಳೆದರು. ಒಳಗಿನಿಂದ ಎದ್ದ ಕಮಟು ಎಣ್ಣೆಯ ವಾಸನೆಗೆ ಅವರು ಮುಖ ತಿರುಗಿಸಿದರು.

ಇಲಾಖೆಯಲ್ಲಿ ಎಲ್ಲರೂ ಅವರನ್ನು ಬೆನ್ನ ಹಿಂದೆ ಮೂಗುಮುರುಕ ಸಾಹೇಬರು ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕೊಳೆತ ಹೆಣಗಳನ್ನು ಕಂಡಿದ್ದರು, ಚರಂಡಿಗಳನ್ನು ಜಾಲಾಡಿಸಿದ್ದರು, ಆದರೂ ಕೊಳಕಿಗೆ ಒಗ್ಗಿಕೊಳ್ಳುವುದು ಅವರಿಗೆ ಸಾಧ್ಯವಾಗಿರಲಿಲ್ಲ. ಹೆಣವನ್ನಾದರೂ ಅವರು ಕ್ಷಮಿಸಿಯಾರು. ಪಾಪ, ಎದ್ದು ಕೈಕಾಲು ತೊಳೆದುಕೊಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ. ಎದುರಿಗೆ ಕೂತ ಮನುಷ್ಯನಿಗೆ ಆ ಶಕ್ತಿ ಚೆನ್ನಾಗಿಯೇ ಇತ್ತು.

ಕಚೇರಿಯವರು ಅವನಿಗೆ ಇಟ್ಟ ಹೆಸರು ಅಡುಗೆಯವನು. ಉಳಿದವರು ಬರೆದುಕೊಟ್ಟ ಕೋಡನ್ನೆಲ್ಲ ಒಟ್ಟುಮಾಡಿ, ಯಂತ್ರ ಓಡಿಸಬಲ್ಲ ಪ್ರೋಗ್ರಾಂ ಆಗಿ ಇಳಿಸಿಕೊಡುವ ಕೆಲಸ ಅವನದು. ಕೀಬೋರ್ಡಿನ ಸಂದುಗಳಲ್ಲಿ ಕುರುಕಲಿನ ಪುಡಿ, ಕೂದಲು, ಸತ್ತ ಇರುವೆ. ಪರದೆಯ ಮೇಲೆ ಜಿಡ್ಡುಬೆರಳಿನ ಗುರುತುಗಳು. ಅವನು ಮಾತಾಡುತ್ತಲೇ ಬೆರಳು ನೆಕ್ಕಿ, ಅದೇ ಬೆರಳಿನಿಂದ ಮೌಸ್ ಒತ್ತುತ್ತಿದ್ದ.

ಆಸ್ಪತ್ರೆಯೊಂದರಲ್ಲಿ ಔಷಧ ಹನಿಸುವ ಪಂಪು ಹನ್ನೊಂದನೆಯ ದಿನ ಒಮ್ಮೆಲೇ ಔಷಧ ನುಗ್ಗಿಸಿ ನಿವೃತ್ತ ಮೇಷ್ಟ್ರೊಬ್ಬರ ಜೀವ ತೆಗೆದಿತ್ತು. ಆ ಪಂಪಿನ ಕೋಡ್ ಬರೆದ ಹೆಂಗಸನ್ನು ಇವತ್ತು ಸಂಜೆ ಐದಕ್ಕೆ ಜೈಲಿಗೆ ಕಳಿಸಬೇಕೆಂದು ಆದೇಶವಾಗಿತ್ತು. ಕಚೇರಿಯಲ್ಲಿ ಅವಳನ್ನು ಸಣ್ಣಕ್ಕ ಎನ್ನುತ್ತಿದ್ದರು. ಮಹಜರಿಗೆಂದು ಕರೆತಂದಿದ್ದ ಅವಳು ಕೆಳಗಿನ ಕೋಣೆಯಲ್ಲಿ, ಮಹಿಳಾ ಪೇದೆಯ ಕಾವಲಿನಲ್ಲಿ, ಅತ್ತೆಯ ಪಕ್ಕ ಕೂತಿದ್ದಳು. ಈಗ ಗಂಟೆ ಮೂರೂವರೆ.

ಇನ್ಸ್‌ಪೆಕ್ಟರಿಗೆ ಅವಳ ಮೇಲೆ ಅನುಮಾನ ಉಳಿದಿರಲಿಲ್ಲ. ಬೆಳಿಗ್ಗೆ ಅವಳು ತನ್ನ ಕೋಡಿನ ಎಂಬತ್ತೆಂಟನೆಯ ಸಾಲನ್ನು ಅವರಿಗೆ ಬಿಡಿಸಿ ಹೇಳಿದ್ದಳು. ಇದುವರೆಗೆ ಹೋದ ಔಷಧಕ್ಕೆ ಈಗಿನ ಹನಿ ಕೂಡಿಸಿದಾಗ ಮೊತ್ತ ಮೊದಲಿಗಿಂತ ಕಡಿಮೆ ಬಂದರೆ, ಪಂಪು ನಿಲ್ಲಿಸಿ ಗಂಟೆ ಬಾರಿಸು ಎಂಬುದು ಅದರ ಅರ್ಥ. ಕೂಡಿಸಿದರೆ ಕಡಿಮೆಯಾಗುವುದು ಯಾವ ಲೆಕ್ಕ ಎಂದು ಅವರು ಕೇಳಿದಾಗ, ಸ್ಕೂಟರಿನ ಮೀಟರು ಕೊನೆಯ ಅಂಕಿ ದಾಟಿ ಮತ್ತೆ ಸೊನ್ನೆಗೆ ಬರುವ ಹಾಗೆ, ಯಂತ್ರದ ಲೆಕ್ಕವೂ ತುಂಬಿದ ಮೇಲೆ ಹಿಂದಕ್ಕೆ ಬೀಳುತ್ತದೆ ಎಂದಿದ್ದಳು. ಹಾಗೆ ಬಿದ್ದಾಗ ಪಂಪು ಒಂದು ಹನಿಯೂ ಹೋಗಿಲ್ಲವೆಂದು ತಿಳಿದು ಎಲ್ಲವನ್ನೂ ಒಟ್ಟಿಗೆ ನೂಕುತ್ತದೆ. ಅದನ್ನು ತಡೆಯಲೆಂದೇ ಆ ಸಾಲು.

ಕಂಪನಿಯ ವಾದ ಬೇರೆ. ಸಾಲು ಇದ್ದಿದ್ದರೆ ಪಂಪು ನಿಲ್ಲುತ್ತಿತ್ತು, ನಿಲ್ಲಲಿಲ್ಲ, ಆದ್ದರಿಂದ ಸಾವಾದ ಮೇಲೆ ಹೆದರಿ ಅವಳೇ ಅದನ್ನು ತುರುಕಿದ್ದಾಳೆ. ಕೇಳಿದವರೆಲ್ಲ ಸರಿ ಎನ್ನುವಂಥ ವಾದ. ಇಲ್ಲವೆನ್ನಲು ಆಧಾರವೂ ಉಳಿದಿರಲಿಲ್ಲ. ಸಾವಾದ ಮರುದಿನವೇ ಕಂಪನಿಯವರು ರೋಗಿಗಳ ಸುರಕ್ಷತೆಯ ಹೆಸರಿನಲ್ಲಿ ಎಲ್ಲ ಪಂಪುಗಳಿಗೂ ಹೊಸ ಪ್ರೋಗ್ರಾಂ ತುಂಬಿ ಹಳೆಯದನ್ನು ಒರೆಸಿಹಾಕಿದ್ದರು. ಈ ಕೋಣೆಯ ಕಂಪ್ಯೂಟರನ್ನೂ ತೊಳೆದಿಟ್ಟಿದ್ದರು. ಕೋಣೆಯಲ್ಲಿ ತೊಳೆದದ್ದು ಅದೊಂದನ್ನೇ.

ಮೇಲಧಿಕಾರಿ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. ಪಂಪಿನ ಕೋಡಿನಲ್ಲಿ ಆ ಸಾಲು ಮೊದಲೇ ಇತ್ತು ಎನ್ನುವ ಒಂದು ಹಾಳೆ ಐದರ ಒಳಗೆ ತನ್ನಿ, ಇಲ್ಲವೇ ಅವಳನ್ನು ವ್ಯಾನಿಗೆ ಹತ್ತಿಸಿ.

ಇನ್ಸ್‌ಪೆಕ್ಟರ್ ಡ್ರಾಯರನ್ನು ಬಿಟ್ಟು, ಮೇಜಿನ ಅಂಚಿನಲ್ಲಿದ್ದ ಎಲೆಕ್ಟ್ರಾನಿಕ್ ಚಿಪ್ಪುಗಳ ಟ್ರೇಯನ್ನು ಕರ್ಚೀಫಿನಿಂದ ಹತ್ತಿರಕ್ಕೆ ಎಳೆದುಕೊಂಡರು. ಪಂಪಿನೊಳಗೆ ಕೂರುವುದು ಇದೇ ಚಿಪ್ಪು.

"ಇದರಲ್ಲಿ ಎಷ್ಟು ಹಿಡಿಯುತ್ತೆ?"

"ಅರವತ್ನಾಲ್ಕು ಕೆ.ಬಿ. ಸರ್."

"ಗೋಡೆ ಮೇಲೆ ಚೌಕಟ್ಟು ಹಾಕಿಟ್ಟಿರೋ ಪಂಪಿನ ಪರೀಕ್ಷೆಯ ಸರ್ಟಿಫಿಕೇಟಿನಲ್ಲಿ, ಪರೀಕ್ಷೆ ಪಾಸಾದ ಪ್ರೋಗ್ರಾಮಿನ ಅಳತೆ ಎಪ್ಪತ್ತೊಂದು ಅಂತಿದೆಯಲ್ಲ."

ಅಡುಗೆಯವನ ದವಡೆ ಅಗಿಯುವುದನ್ನು ನಿಲ್ಲಿಸಿತು.

"ಅರವತ್ನಾಲ್ಕು ಹಿಡಿಯೋ ಪಾತ್ರೆಗೆ ಎಪ್ಪತ್ತೊಂದು ಹೇಗೆ ಸುರಿದೆ?"

ಸರ್ಟಿಫಿಕೇಟು ಎರಡು ವರ್ಷದಿಂದ ಅಲ್ಲೇ ತೂಗುತ್ತಿತ್ತು. ಬಂದ ಅತಿಥಿಗಳೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದರು. ಪರೀಕ್ಷೆಯಲ್ಲಿ ಪಾಸಾದ ಪ್ರೋಗ್ರಾಂ ಪಂಪಿನೊಳಗೆ ಹಿಡಿಯುವುದೇ ಇಲ್ಲವೆಂಬುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಡುಗೆಯವನು ಮೊದಲು ತಡವರಿಸಿದ, ಆಮೇಲೆ ತಾನೇನೋ ಪಾಠ ಹೇಳುವವನಂತೆ ಶುರುಮಾಡಿದ. ಮನುಷ್ಯರು ಬರೆದದ್ದು ಯಂತ್ರಕ್ಕೆ ತಿಳಿಯುವುದಿಲ್ಲ. ಒಂದೊಂದು ಕಡತವನ್ನೂ ಕಂಪೈಲರ್ ಎಂಬ ಪ್ರೋಗ್ರಾಂ ಓದಿ ಯಂತ್ರದ ಅಂಕಿಗಳಿಗೆ ಇಳಿಸುತ್ತದೆ. ಹಾಗೆ ಆದ ತುಂಡುಗಳು ಬಿಡಿಬಿಡಿಯಾಗಿ ಕೂತಿರುತ್ತವೆ. ಹನಿ ಲೆಕ್ಕದ ತುಂಡು ಗಂಟೆಯನ್ನು ಕರೆಯುತ್ತದೆ, ಆದರೆ ಗಂಟೆ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಲಿಂಕರ್ ಎಂಬ ಇನ್ನೊಂದು ಪ್ರೋಗ್ರಾಂ ಬಂದು ವಿಳಾಸ ತುಂಬಿ, ಎಲ್ಲವನ್ನೂ ಹೊಲಿದು ಒಂದು ಮಾಡುತ್ತದೆ. ಆಗಷ್ಟೇ ಅದು ಓಡುವ ಪ್ರೋಗ್ರಾಂ.

"ಎಪ್ಪತ್ತೊಂದರ ಕಥೆ ಹೇಳು," ಎಂದರು ಇನ್ಸ್‌ಪೆಕ್ಟರ್. ಅವರು ಬಹುವಚನವನ್ನು ಆಗಲೇ ಕೈಬಿಟ್ಟಿದ್ದರು.

ಪರೀಕ್ಷೆಗೆ ಕೊಡುವಾಗ ಕಂಪೈಲರಿಗೆ ಇದ್ದದ್ದನ್ನು ಇದ್ದ ಹಾಗೇ ಇಳಿಸು ಎಂದು ಹೇಳುವುದು ಇಲ್ಲಿಯ ರೂಢಿಯಂತೆ. ಚಿಪ್ಪಿಗೆ ಕಳಿಸುವಾಗ ಮಾತ್ರ ಕುಗ್ಗಿಸು ಎಂದು ಅಪ್ಪಣೆ. ಆಗ ಅದು ಸಾಲು ಸಾಲು ತೂಗಿ ನೋಡಿ, ಎಂದೂ ನಡೆಯಲಾರದು ಎನಿಸಿದ್ದನ್ನು ಕಿತ್ತು ಎಸೆಯುತ್ತದೆ.

"ಕೂಡಿಸಿದರೆ ಕಡಿಮೆಯಾಗೋದು ನಡೆಯಲಾರದ್ದು," ಎಂದರು ಇನ್ಸ್‌ಪೆಕ್ಟರ್ ನಿಧಾನವಾಗಿ.

"ಹೌದು ಸರ್. ಭಾಷೆಯ ನಿಯಮದ ಪ್ರಕಾರ ಹಾಗಾಗಕೂಡದು. ಆಗೋದಿಲ್ಲ ಅಂತಲೇ ಅದು ಹಿಡಿಯೋದು. ಎಂಬತ್ತೆಂಟು ಹೋಯ್ತು. ಗಂಟೆ ಕರೆಯೋರು ಯಾರೂ ಉಳಿಯಲಿಲ್ಲ ಅಂತ ಗಂಟೆಯನ್ನೂ ತೆಗೀತು. ಅರವತ್ಮೂರಕ್ಕೆ ಇಳೀತು. ಚೆನ್ನಾಗಿ ಕೂತ್ಕೊಳ್ತು."

ಚೆನ್ನಾಗಿ ಕೂತ್ಕೊಳ್ತು. ಮೇಷ್ಟ್ರ ಹೆಂಡತಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಹನ್ನೊಂದು ದಿನ ಕೂತಿದ್ದರು. ಪಂಪು ನುಗ್ಗಿಸಿದಾಗ ಒಂದು ಗಂಟೆಯಾದರೂ ಬಾರಿಸಿದ್ದರೆ ಅವರೇ ಕೊಳವೆ ಕಿತ್ತುಬಿಡುತ್ತಿದ್ದರು. ಇನ್ಸ್‌ಪೆಕ್ಟರಿಗೆ ಈ ಬಾರಿ ಹೇಸಿಗೆಯಾದದ್ದು ಎಣ್ಣೆಯ ವಾಸನೆಗಲ್ಲ.

"ಹಾಗೆ ಕಿತ್ತು ಹಾಕುವಾಗ ಅದು ಒಂದು ಮಾತೂ ಹೇಳಲ್ವಾ?"

ಅಡುಗೆಯವನು ಪರದೆಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ವಾರ್ನಿಂಗ್ ಕೊಡುತ್ತದೆ ಎಂದ. ಹಳದಿ ಬಣ್ಣದಲ್ಲಿ, ಸಾಲಿನ ಸಂಖ್ಯೆ ಸಮೇತ. ಮೊದಲ ಸಲ ಕುಗ್ಗಿಸಿದಾಗ ನಾನ್ನೂರಕ್ಕೂ ಹೆಚ್ಚು ಬಂದಿದ್ದವು. ಮರುದಿನ ಯಾರೋ ದೊಡ್ಡ ಗಿರಾಕಿಗಳು ಬರುವವರಿದ್ದರು. ಕಂಪನಿಯ ನಿರ್ದೇಶಕಿ ಹಿಂದೆ ನಿಂತು ಪರದೆ ನೋಡಿ, ಇದೇನು ಕಜ್ಜಿ ಎದ್ದ ಹಾಗಿದೆ, ಇದರ ಬಾಯಿ ಮುಚ್ಚಿಸಿ ಎಂದರು.

"ಮುಚ್ಚಿಸಿದೆಯಾ?"

"ಕಷ್ಟ ಏನಿಲ್ಲ ಸರ್. ಅಪ್ಪಣೆಯ ಕೊನೆಗೆ ಒಂದೇ ಒಂದು ಅಕ್ಷರ ಸೇರಿಸಿದರೆ ಸಾಕು. ಆಮೇಲೆ ಏನು ಕಿತ್ತರೂ ತುಟಿ ಬಿಚ್ಚಲ್ಲ."

"ಬರೆದವಳಿಗೆ ಹೇಳಬೇಕು ಅನ್ನಿಸಲಿಲ್ವಾ?"

"ನನ್ನ ಕೆಲಸ ಇಳಿಸಿಕೊಡೋದು ಸರ್. ಬರೆಯೋರು ಬೇರೆ, ಪರೀಕ್ಷೆ ಮಾಡೋರು ಬೇರೆ, ಸಹಿ ಹಾಕೋರು ಬೇರೆ."

ಅವನು ಹಲ್ಲು ಕಿರಿದ. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಕೊಲೆಗಾರರ ಜೊತೆ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡಿದ್ದೇನೆ, ಇವನು ಕೊಟ್ಟರೆ ಒಂದು ಲೋಟ ನೀರು ಕುಡಿಯಲಾರೆ ಎಂದುಕೊಂಡರು ಇನ್ಸ್‌ಪೆಕ್ಟರ್. ಕೊಲೆಗಾರರಲ್ಲಿ ಸಿಟ್ಟಾದರೂ ಇರುತ್ತದೆ. ಇಲ್ಲಿ ಎಲ್ಲರೂ ತಮ್ಮ ತಮ್ಮ ಕೈ ಒರೆಸಿಕೊಂಡು ಕೂತಿದ್ದರು, ಅದೂ ಕೊಳಕು ಬಟ್ಟೆಯಲ್ಲಿ.

ಆ ನಾನ್ನೂರು ಸಾಲುಗಳೇನಾದವು ಎಂದು ಕೇಳಿದರು. ಬಾಯಿ ಮುಚ್ಚಿಸುವ ಮೊದಲು ಒಮ್ಮೆ ಪ್ರಿಂಟು ತೆಗೆದಿದ್ದೆ ಎಂದ ಅಡುಗೆಯವನು. ಒಂದು ಕಡೆಯಷ್ಟೇ ಅಚ್ಚಾದ ಕಾಗದ, ಎಸೆಯುವುದೇಕೆ ಎಂದು ಇಟ್ಟುಕೊಂಡು, ಕುರುಕಲು ಹರಡಿಕೊಳ್ಳಲು ಬಳಸುತ್ತಿದ್ದನಂತೆ. ಡ್ರಾಯರಿನಲ್ಲಿ ಇನ್ನೂ ಒಂದಷ್ಟು ಇರಬಹುದು.

ಇನ್ಸ್‌ಪೆಕ್ಟರ್ ಮೇಜಿಗೆ ಕಾಲು ಕೊಟ್ಟು ಡ್ರಾಯರನ್ನು ಎಳೆದರು. ಈ ಸಲ ಅದು ಪೂರ್ತಿ ಬಂತು. ಎಣ್ಣೆ ಕುಡಿದು ಗಾಜಿನ ಹಾಗಾದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಣಗಿದ ಚಟ್ನಿಯಂಥದ್ದು, ಒಂದು ಉಗುರಿನ ಚೂರು. ಕರ್ಚೀಫು ಸುತ್ತಿಕೊಂಡು ಒಂದೊಂದನ್ನೇ ಬಿಡಿಸಿದರು. ಹದಿನಾಲ್ಕು ಹಾಳೆ ತಿರುವಿದರು. ಹದಿನೈದನೆಯದರ ತಲೆ ಹರಿದುಹೋಗಿತ್ತು, ಆದರೆ ಮೂರನೆಯ ಸಾಲಿನಲ್ಲಿ ಎಂಬತ್ತೆಂಟು ಎಂಬ ಅಂಕಿ ಎಣ್ಣೆಯ ನಡುವೆಯೂ ಸ್ಪಷ್ಟವಾಗಿತ್ತು. ಈ ಷರತ್ತು ಎಂದೂ ನಿಜವಾಗಲಾರದು, ತೆಗೆದುಹಾಕಿದೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಕೆಳಗೆ ತಾರೀಕು. ಮೇಷ್ಟ್ರು ಸಾಯುವುದಕ್ಕೆ ಒಂದೂವರೆ ವರ್ಷ ಮೊದಲಿನದು.

"ಇದು ಪಂಪಿಂದೇ ತಾನೆ?"

"ಎಂಬತ್ತೆಂಟು ಅಂತಿದೆಯಲ್ಲ ಸರ್. ಅದೇ, ಅದೇ."

ಅಡುಗೆಯವನು ತಲೆಯಾಡಿಸಿದ ರೀತಿ ಸ್ವಲ್ಪ ಅವಸರದ್ದಾಗಿತ್ತು. ಬೇರೆ ದಿನವಾಗಿದ್ದರೆ ಇನ್ಸ್‌ಪೆಕ್ಟರ್ ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತಿದ್ದರು. ಆದರೆ ಅವರಿಗೆ ಆ ಕೋಣೆಯಿಂದ ಹೊರಬಿದ್ದು ಕೈ ತೊಳೆದರೆ ಸಾಕಾಗಿತ್ತು. ಹಾಳೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಎದ್ದುಬಿಟ್ಟರು.

ನಲ್ಲಿಯ ಕೆಳಗೆ ಎರಡು ಸಲ ಸೋಪು ಹಚ್ಚಿ ತಿಕ್ಕಿದರೂ ಬೆರಳಿನ ವಾಸನೆ ಹೋಗಲಿಲ್ಲ. ಹೊರಗಿನ ಹಾಲಿನಲ್ಲಿ ಏನೋ ಹೂವಿನ ಪರಿಮಳ ಸಿಂಪಡಿಸಿದ್ದರು, ಅದು ಇನ್ನೂ ಅಸಹ್ಯವಾಗಿತ್ತು. ಅಲ್ಲಿಯ ಪ್ರಿಂಟರಿನ ಬಾಯಲ್ಲಿ ಒಂದು ಕಾಗದ ನೇತಾಡುತ್ತಿತ್ತು. ನಿಮ್ಮ ಪ್ರೀತಿಯ ಎಂದು ಬರೆದು, ಹೆಸರಿಗೆ ಜಾಗ ಖಾಲಿ ಬಿಟ್ಟು, ಅವರ ಅಗಲಿಕೆಯಿಂದ ನಮ್ಮ ಸಂಸ್ಥೆಗೆ ಅಪಾರ ದುಃಖವಾಗಿದೆ ಎಂಬ ಸಂತಾಪ ಪತ್ರ. ಮೇಷ್ಟ್ರ ಹೆಂಡತಿ ಮೊನ್ನೆ ತೋರಿಸಿದ್ದೂ ಇದನ್ನೇ. ಅದರಲ್ಲಿ ಹೆಸರು ತುಂಬಿದ್ದರು, ಅಷ್ಟೇ ವ್ಯತ್ಯಾಸ.

ನಿರ್ದೇಶಕಿ ಎದುರಿಗೇ ಬಂದರು. ಮೆಲುದನಿಯಲ್ಲಿ, ಈ ಪ್ರಕರಣದಿಂದ ರಾತ್ರಿ ನಿದ್ದೆಯೇ ಬರುತ್ತಿಲ್ಲ ಎಂದರು. ಅದೇ ಉಸಿರಿನಲ್ಲಿ, ಐದಕ್ಕೆ ವ್ಯಾನು ಹಿಂದಿನ ಗೇಟಿನಿಂದ ಹೋದರೆ ಒಳ್ಳೆಯದು, ಮುಂದಿನ ಗೇಟಿನಲ್ಲಿ ಗಿರಾಕಿಗಳ ಓಡಾಟ ಇರುತ್ತದೆ ಎಂದರು. ಇನ್ಸ್‌ಪೆಕ್ಟರ್ ಸರಸರನೆ ಮೆಟ್ಟಿಲಿಳಿದರು. ಬಾಯಿ ಬಿಟ್ಟರೆ ನೌಕರಿಗೆ ಸಲ್ಲದ ಮಾತು ಬರುವುದೆಂದು ಅವರಿಗೆ ಗೊತ್ತಿತ್ತು.

ಕೆಳಗಿನ ಕೋಣೆಯಲ್ಲಿ ಅತ್ತೆ ಒಂದು ಬಟ್ಟೆಯ ಚೀಲವನ್ನು ಮೂರನೆಯ ಸಲ ಬಿಚ್ಚಿ ಜೋಡಿಸುತ್ತಿದ್ದರು. ಎರಡು ಜೊತೆ ಬಟ್ಟೆ, ಶಾಲು, ಬಾಚಣಿಗೆ, ತಲೆನೋವಿನ ಮಾತ್ರೆ. ಅಲ್ಲಿ ತಲೆದಿಂಬು ಕೊಡುತ್ತಾರೋ ಇಲ್ಲವೋ ಎಂದು ಮಹಿಳಾ ಪೇದೆಯನ್ನು ಕೇಳಿ ಅವಳನ್ನು ಮುಜುಗರಕ್ಕೆ ಸಿಕ್ಕಿಸಿದ್ದರು. ಇನ್ಸ್‌ಪೆಕ್ಟರನ್ನು ಕಂಡದ್ದೇ ತಮ್ಮ ಹಳೆಯ ವಕಾಲತ್ತು ಶುರುಮಾಡಿದರು.

"ಸಾಹೇಬ್ರೆ, ಮಲಗೋ ಮುಂಚೆ ಗ್ಯಾಸ್ ಆರಿಸಿದೀನಾ ಅಂತ ಮೂರು ಸಲ ಎದ್ದು ನೋಡೋಳು ಇವಳು. ಇವಳ ಕಾಟಕ್ಕೆ ನನ್ನ ಮಗ ಬಾಗಿಲ ಚಿಲಕಕ್ಕೆ ಎರಡೆರಡು ಬೀಗ ಹಾಕ್ಸಿದಾನೆ. ಇಂಥೋಳು ಜೀವದ ವಿಷಯದಲ್ಲಿ ಮರೀತಾಳಾ?"

"ಮರೆತಿಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್. ಬೆಳಗಿನಿಂದ ಮೊದಲ ಬಾರಿಗೆ ಅವರ ಮುಖ ಸಡಿಲವಾಯಿತು. ಹಾಳೆಯ ಚೀಲವನ್ನು ಸಣ್ಣಕ್ಕನ ಮುಂದಿಟ್ಟು, ಮೇಲೆ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಕುಗ್ಗಿಸುವ ಅಪ್ಪಣೆ, ಮುಚ್ಚಿಸಿದ ಬಾಯಿ, ಡ್ರಾಯರು. ಓದಿ ನೋಡಿ ಹೌದು ಅಂದರೆ ಈಗಲೇ ಮೇಲಧಿಕಾರಿಗೆ ಫೋನು ಮಾಡುತ್ತೇನೆ, ಸಂಜೆಯ ಊಟ ಮನೆಯಲ್ಲೇ ಎಂದರು.

ಮೂವತ್ತನಾಲ್ಕರ ಸಣ್ಣಕ್ಕ ಎರಡು ದಿನದಲ್ಲಿ ಬಡಕಲಾಗಿದ್ದಳು. ಎಂಬತ್ತೆಂಟು ಎಂಬ ಅಂಕಿ ಕಂಡಾಗ ಅವಳ ಕಣ್ಣು ತುಂಬಿತು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟರು. ಆಮೇಲೆ ಅವಳ ಬೆರಳು ಪ್ಲಾಸ್ಟಿಕ್ಕಿನ ಮೇಲೆ ಒಂದು ಸಾಲು ಕೆಳಗೆ ಸರಿದು ಅಲ್ಲೇ ನಿಂತಿತು.

"ಸರ್, ಇದು ನನ್ನ ಪಂಪಿಂದಲ್ಲ."

ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ. ಅವಳು ಹಾಳೆಯನ್ನು ಅವರ ಕಡೆ ತಿರುಗಿಸಿ ತೋರಿಸಿದಳು. ವಾರ್ನಿಂಗಿನ ಕೆಳಗೆ ಕಂಪೈಲರ್ ಆ ಸಾಲನ್ನೇ ಎತ್ತಿ ಬರೆದಿತ್ತು. ಅವಳ ಕೋಡಿನಲ್ಲಿ ಹನಿ ಎಂಬ ಅರ್ಥದ ಪದ ಇರಬೇಕಾದ ಕಡೆ ಇಲ್ಲಿ ಬಿಸಿ ಎಂಬ ಅರ್ಥದ ಪದ ಇತ್ತು. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಯನ್ನೂ ಇದೇ ಕಂಪನಿ ಮಾಡುತ್ತಿತ್ತು. ಹೊಸದಾಗಿ ಬರೆಯುವ ಬದಲು ಹಳೆಯ ಕಡತವನ್ನು ಹಾಗೇ ನಕಲು ಮಾಡಿ ಪದ ಬದಲಿಸುವುದು ಇಲ್ಲಿ ಎಲ್ಲರ ಅಭ್ಯಾಸ. ಪೆಟ್ಟಿಗೆಯವನೊಬ್ಬ, ಈಗ ಕೆಲಸ ಬಿಟ್ಟು ಹೋದವನು, ಅವಳ ಕಡತವನ್ನು ಇಡಿಯಾಗಿ ಎತ್ತಿಕೊಂಡಿದ್ದ. ಆದ್ದರಿಂದಲೇ ಸಾಲಿನ ಸಂಖ್ಯೆಯೂ ಅದೇ.

"ಬಾಯಿ ಮುಚ್ಚಿಸಿದ್ದು ಇದನ್ನ ಇಳಿಸಿದಾಗ. ನನ್ನ ಪಂಪು ಚಿಪ್ಪಿಗೆ ಹೋಗಿದ್ದು ಅದಾದ ತಿಂಗಳಿಗೆ. ಅಷ್ಟರಲ್ಲಿ ಕಂಪೈಲರ್ ಮೂಕ ಆಗಿತ್ತು. ನನ್ನದಕ್ಕೆ ಹಾಳೆ ಅನ್ನೋದೇ ಇಲ್ಲ ಸರ್."

ಇನ್ಸ್‌ಪೆಕ್ಟರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು. ನಾಲ್ಕು ಪ್ರಶ್ನೆ ಹೆಚ್ಚು ಕೇಳಲಾರದೆ, ಮೂಗು ಮುಚ್ಚಿಕೊಂಡು ಓಡಿಬಂದದ್ದಕ್ಕೆ ಈಗ ಈ ಹೆಂಗಸಿಗೆ ಆಸೆ ತೋರಿಸಿ ಕಸಿದುಕೊಂಡಂತಾಗಿತ್ತು. ಇವಳ ಸಾಲನ್ನು ನಕಲು ಮಾಡಿದ್ದಾರೆ ಎಂದರೆ ಇವಳದರಲ್ಲೂ ಇತ್ತು ಎಂದಾಯಿತಲ್ಲ ಎಂದು ಕೇಳಿದರು. ಅದು ಪೆಟ್ಟಿಗೆಯವನೇ ಬರೆದುಕೊಂಡ ಸಾಲು, ನಾನೇ ಅದನ್ನು ಕದ್ದು ಆಮೇಲೆ ಸೇರಿಸಿದೆ ಎನ್ನುತ್ತಾರೆ ಎಂದಳು ಸಣ್ಣಕ್ಕ. ನಿರ್ದೇಶಕಿಯ ವಕೀಲರು ಹಾಗೇ ಹೇಳುವರೆಂಬುದು ಇನ್ಸ್‌ಪೆಕ್ಟರಿಗೂ ಗೊತ್ತಿತ್ತು.

ಅತ್ತೆ ಬಾಗಿಲ ಕಡೆ ನೋಡಿದರು. ಮಹಿಳಾ ಪೇದೆ ಹೊರಗೆ ವ್ಯಾನಿನವನ ಜೊತೆ ಮಾತಾಡುತ್ತಿದ್ದಳು.

"ಹಾಳೆ ತಲೆ ಹರಿದಿದೆ ತಾನೆ?" ಎಂದರು ಅತ್ತೆ ಮೆಲ್ಲಗೆ. "ನಮ್ಮದೇ ಅಂದ್ಬಿಡು ತಾಯಿ. ಸಾಹೇಬ್ರೂ ಒಳ್ಳೇವ್ರು. ಯಾರಿಗೆ ಗೊತ್ತಾಗುತ್ತೆ?"

ಇನ್ಸ್‌ಪೆಕ್ಟರ್ ಇಲ್ಲವೆನ್ನಲಿಲ್ಲ. ಆ ಕ್ಷಣಕ್ಕೆ ಅವರಿಗೂ ಅದು ತಪ್ಪೆನಿಸಲಿಲ್ಲ. ಮೇಲಿನ ಮಹಡಿಯಲ್ಲಿ ಅಷ್ಟು ಸುಳ್ಳು ಕೊಳೆಯುತ್ತಿರುವಾಗ ಇವಳ ಪಾಲಿಗೆ ಒಂದು ಸಣ್ಣ ಸುಳ್ಳು ಇರಲಿ ಎನಿಸಿತು.

"ನಮ್ಮದು ಅಂದ್ರೆ ಇದು ಪೆಟ್ಟಿಗೇದು ಅನ್ನೋಕೆ ಏನು ಉಳಿಯುತ್ತೆ ಅತ್ತೆ?" ಎಂದಳು ಸಣ್ಣಕ್ಕ. "ಪಂಪಿಗೆಲ್ಲ ಹೊಸ ಪ್ರೋಗ್ರಾಂ ಹಾಕಿದ್ರು, ಒಬ್ರು ಸತ್ರು ಅಂತ. ಪೆಟ್ಟಿಗೆಯಿಂದ ಇನ್ನೂ ಯಾರೂ ಸತ್ತಿಲ್ಲ. ಅದರೊಳಗೆ ಹಳೇದೇ ಓಡ್ತಿದೆ."

ಅವಳು ಹೇಳಿದ್ದು ನಿಜ. ಕಂಪನಿಯ ಅನುಮತಿ ಇಲ್ಲದೆ ಪೆಟ್ಟಿಗೆ ಆರಿಸಕೂಡದು ಎಂದು ಆಸ್ಪತ್ರೆಗಳಿಗೆ ಬರೆದು ಕೊಟ್ಟಿದ್ದರು. ಅದನ್ನು ಮೀರಲು ಪೊಲೀಸರಿಗೆ ಒಂದು ಆಧಾರ ಬೇಕಿತ್ತು, ಮತ್ತು ಇದ್ದದ್ದು ಇದೊಂದೇ ಎಣ್ಣೆಹಾಳೆ. ಒಂದೇ ಹಾಳೆ ಎರಡು ಕಡೆ ಸಾಕ್ಷಿ ಹೇಳಲಾರದು.

ಅತ್ತೆ ಸೊಸೆಯ ಮುಖವನ್ನೇ ನೋಡುತ್ತ ಕೂತರು. ಆಮೇಲೆ ಚೀಲದಲ್ಲಿ ಕೈಯಾಡಿಸಿ ಒಂದು ಪೆನ್ನು ತೆಗೆದು ಅವಳ ಮುಂದಿಟ್ಟರು.

"ಬರಿ," ಎಂದರು.

ಸಣ್ಣಕ್ಕ ಇನ್ಸ್‌ಪೆಕ್ಟರಿನ ಪುಸ್ತಕದಿಂದ ಬಿಳಿ ಹಾಳೆ ಕೇಳಿ ಪಡೆದಳು. ಇದು ಮಕ್ಕಳ ಪೆಟ್ಟಿಗೆಯ ಕೋಡಿನ ವಾರ್ನಿಂಗ್, ಪಂಪಿನದಲ್ಲ ಎಂದು ಬರೆದು, ಸಹಿ ಹಾಕಿ, ತಾರೀಕು ನಮೂದಿಸಿದಳು. ಅದೇ ಹಾಳೆಯ ಮೂಲೆಯಲ್ಲಿ ಏನೋ ಗುಣಿಸಿದಳು. ಪೆಟ್ಟಿಗೆ ತನ್ನನ್ನು ಹಚ್ಚಿದ ಗಳಿಗೆಯಿಂದ ಹೊತ್ತನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಎಣಿಸುತ್ತದೆ, ಆ ಎಣಿಕೆ ತುಂಬಿ ಹಿಂದಕ್ಕೆ ಬಿದ್ದ ಮೇಲೆ ಬಿಸಿ ಆರಿಸುವ ಹೊತ್ತು ಇನ್ನೂ ಬಂದಿಲ್ಲವೆಂದು ಕಾಯುತ್ತಲೇ ಇರುತ್ತದೆ ಎಂದು ಬಿಡಿಸಿ ಹೇಳಿದಳು. ಒಳಗೆ ಬಿಸಿ ಏರುತ್ತಲೇ ಹೋಗುತ್ತದೆ, ಗಂಟೆಯೂ ಬಾರಿಸುವುದಿಲ್ಲ.

"ಇಪ್ಪತ್ತೈದು ದಿನಕ್ಕೆ ಮೂರೂವರೆ ಗಂಟೆ ಕಮ್ಮಿ ಸರ್. ಅಷ್ಟು ಹೊತ್ತು ಒಂದು ಸಲವೂ ಆರಿಸದೆ ಓಡಿರೋ ಪೆಟ್ಟಿಗೆ ಎಲ್ಲಾದರೂ ಇದೆಯಾ ಕೇಳಿ. ನನ್ನನ್ನ ವ್ಯಾನಿಗೆ ಆಮೇಲೆ ಹತ್ತಿಸಿ."

ಇನ್ಸ್‌ಪೆಕ್ಟರ್ ಹತ್ತಿರದ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಫೋನು ಹಚ್ಚಿದರು. ತೆಗೆದ ನರ್ಸಮ್ಮನ ದನಿ ಗೆಲುವಾಗಿತ್ತು. ನೋಡಿ ಬರುತ್ತೇನೆಂದು ಹೋದವಳು ಅವಸರವಿಲ್ಲದೆ ವಾಪಸು ಬಂದಳು.

"ನಮ್ಮಲ್ಲಿ ಮೂರಿವೆ ಸರ್. ಎರಡು ಖಾಲಿ. ಮೂರನೇದರಲ್ಲಿ ಒಂದು ಹೆಣ್ಮಗು ಇದೆ, ಪೆಟ್ಟಿಗೆ ಒಂದಿನಾನೂ ಆರಿಸಿಲ್ಲ. ಇವತ್ತು ರಾತ್ರಿ ಎಂಟಕ್ಕೆ ಸರಿಯಾಗಿ ಇಪ್ಪತ್ತೈದು ದಿನ ತುಂಬುತ್ತೆ."

ಇನ್ಸ್‌ಪೆಕ್ಟರ್ ಎಂಟರಿಂದ ಮೂರೂವರೆ ಗಂಟೆ ಹಿಂದಕ್ಕೆ ಎಣಿಸಿ ತಲೆಯೆತ್ತಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಮೂವತ್ತೈದು ನಿಮಿಷವಾಗಿತ್ತು.